ಗಡಿನಾಡಿನ ನಕಾಶೆಯಲ್ಲಿ ಬಣ್ಣದ ಬೆರಕೆ

ಸೊಲ್ಲಾಪುರದಿಂದ ಹೈದರಾಬಾದಿನತ್ತ ಸಾಗುವ ಹೆದ್ದಾರಿಯಲ್ಲಿ ಬೋರಾಮಣಿ ಸಿಗುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಅಕ್ಕಲಕೋಟೆಯ ಸೀಮೆ. ಈ ಭಾಗದ ಭಾಷಾ ನಕಾಶೆಯನ್ನು ರಚಿಸಹೊರಟವರಿಗೆ ಮೊದಲ ತೊಡಕು ಬಣ್ಣದ್ದೇ. ಒಂದು ಭಾಷೆಗೆ ಒಂದು ಬಣ್ಣವೆಂದು ಗೊತ್ತುಪಡಿಸುವುದು ಸುಲಭ. ಕನ್ನಡ, ಮರಾಠಿ, ತೆಲುಗು ಮೂರೂ ಇರುವ ಊರಿಗೆ ಯಾವ ಬಣ್ಣ?

ಲೇಟೆಕ್ ಅಕ್ಷರಜೋಡಣೆಯಲ್ಲಿ ಉವೆ ಕೆರ್ನ್ ರಚಿಸಿದ ಎಕ್ಸ್‌ಕಲರ್ ಎಂಬ ಉಪಕರಣ ಇದಕ್ಕೆ ಒದಗುತ್ತದೆ. ಬಣ್ಣವೊಂದನ್ನು ವ್ಯಾಖ್ಯಾನಿಸಲು ಹೆಸರು, ಮಾದರಿ, ಸಂಖ್ಯೆಗಳು ಬೇಕು: ಕಾವಿ, ಆರ್‌ಜಿಬಿ, 178, 74, 38. ಸಣ್ಣಕ್ಷರದ ಆರ್‌ಜಿಬಿ 0ಯಿಂದ 1ರ ವರೆಗೆ ಎಣಿಸಿದರೆ ದೊಡ್ಡಕ್ಷರದ್ದು 0ಯಿಂದ 255ರ ವರೆಗೆ ಎಣಿಸುತ್ತದೆ. ನಮ್ಮ ಲಿಪಿಯಲ್ಲಿಲ್ಲದ ಈ ಭೇದ ಹೊಸಬರನ್ನು ಎಡವಿಸುವುದುಂಟು.

ಬೆರಕೆಗೆ ಉದ್ಗಾರ ಚಿಹ್ನೆಯೇ ಸಾಧನ. ಕಾವಿ!40!ನೀಲಿ ಎಂದರೆ ನೂರಕ್ಕೆ 40 ಪಾಲು ಕಾವಿ, 60 ಪಾಲು ನೀಲಿ. ಎರಡನೆಯ ಬಣ್ಣವನ್ನು ಹೇಳದಿದ್ದರೆ ಉಳಿದ ಪಾಲು ಬಿಳಿಯದು. ಮೂರು ಬಣ್ಣಗಳಾದಾಗ ಎಚ್ಚರ ಬೇಕು. ಲೆಕ್ಕ ಎಡದಿಂದ ಬಲಕ್ಕೆ ಸಾಗುವುದರಿಂದ ಕಾವಿ!50!ನೀಲಿ!30!ಹಸಿರು ಎಂದು ಬರೆದರೆ ಕಾವಿಗೆ ದಕ್ಕುವುದು 50 ಅಲ್ಲ, ಬರೀ 15, ಹಸಿರಿಗೆ 70. ಊರೊಂದರಲ್ಲಿ ಕನ್ನಡ 50, ಮರಾಠಿ 30, ತೆಲುಗು 20 ಎಂದು ಊಹಿಸಿಕೊಂಡರೆ, ಸರಿಯಾದ ಬರಹ ಕಾವಿ!62.5!ನೀಲಿ!80!ಹಸಿರು. ಮೊದಲೆರಡರ ಪರಸ್ಪರ ಪ್ರಮಾಣ 62.5ಕ್ಕೆ 37.5; ಆ ಜೋಡಿಯ ಒಟ್ಟು ಪಾಲು 80. ತಪ್ಪಾಗಿ ಬರೆದರೂ ಯಂತ್ರ ದೋಷ ತೋರಿಸದು, ಅಲ್ಪಸಂಖ್ಯಾತರನ್ನು ಬಹುಸಂಖ್ಯಾತರನ್ನಾಗಿ ಮುದ್ರಿಸಿಬಿಡುತ್ತದೆ.

ಇಲ್ಲಿ ನಡೆಯುವುದು ಸಂಖ್ಯೆಗಳ ಸರಾಸರಿಯೇ ಹೊರತು ಚಿತ್ರಕಾರನ ಬಣ್ಣದ ಕಲಸಾಟವಲ್ಲ. ಶುದ್ಧ ನೀಲಿಗೆ ಅರ್ಧದಷ್ಟು ಹಳದಿಯನ್ನು ಬೆರೆಸಿದರೆ ಹಸಿರು ಬಾರದು, ಬೂದು ಬರುತ್ತದೆ. ಮೊದಲು ಹೆಸರಿಸಿದ ಬಣ್ಣದ ಮಾದರಿಯಲ್ಲೇ ಲೆಕ್ಕ ನಡೆಯುವುದರಿಂದ, ಪರದೆಯ ಬಣ್ಣವನ್ನೂ ಮುದ್ರಣದ ಸಿಎಂವೈಕೆ ಬಣ್ಣವನ್ನೂ ಬೆರೆಸುವಾಗ ಯಾವುದು ಮೊದಲೆಂಬುದೂ ಮುಖ್ಯ.

ಗಡಿಯ ನಕಾಶೆಗೆ ಈ ಬೂದು ಸಣ್ಣ ಸಂಗತಿಯಲ್ಲ. ಎರಡು ಭಾಷೆಗಳ ಊರು ಯಾವ ಭಾಷೆಯದೂ ಅಲ್ಲವೆಂಬಂತೆ ಕಾಣುತ್ತದೆ. ಇನ್ನೊಂದು ಕೊರತೆ ಲೆಕ್ಕದಿಂದ ಸರಿಹೋಗುವಂಥದಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಆಡುವ ಒಬ್ಬಳು ಹುಡುಗಿ, ಬೇರೆ ಬೇರೆ ಭಾಷೆಯಾಡುವ ಎರಡು ಓಣಿ: ಬೆರೆತ ಬಣ್ಣದಲ್ಲಿ ಇವೆರಡೂ ಒಂದೇ. ಸೊಲ್ಲಾಪುರದ ಚಾದರದಲ್ಲಿ ಎರಡು ಬಣ್ಣದ ನೂಲುಗಳು ಒಂದೇ ನೇಯ್ಗೆಯಲ್ಲಿದ್ದೂ ಬೇರೆಬೇರೆಯಾಗಿಯೇ ಕಾಣುತ್ತವೆ. ಓಣಿಗಳ ಊರಿಗೆ ಟಿಕ್‌ಝಡ್‌ನಲ್ಲಿ ಬಣ್ಣದ ಪಟ್ಟೆಗಳನ್ನು ಎಳೆದು, ಬೆರಕೆಯನ್ನು ದ್ವಿಭಾಷಿಕರಿಗಷ್ಟೇ ಮೀಸಲಿಡುವುದು ಹೆಚ್ಚು ಪ್ರಾಮಾಣಿಕ. ಹಾಗೆ ಮಾಡಿದಾಗ ನಕಾಶೆಯ ಸೂಚಿಯಲ್ಲಿ ಎರಡನ್ನೂ ಪ್ರತ್ಯೇಕವಾಗಿ ವಿವರಿಸಬೇಕಾಗುತ್ತದೆ.