ಮೇಷ್ಟ್ರ ಪ್ರಯೋಗ ಎಲ್ಲರಿಗೂ ಸಿಗಲಿ

ಕರಿಹಲಗೆಯ ಮೇಲೆ ಪಾದದ ಒಂದು ತುದಿಯಲ್ಲಿ ವಿಶಾಲಕೋನವಿರುವ ತ್ರಿಭುಜವೊಂದನ್ನು ಬರೆದು, ಮೇಲಿನ ಶೃಂಗದಿಂದ ಪಾದಕ್ಕೆ ಲಂಬ ಎಳೆಯಿರಿ ಎಂದರೆ ಪ್ರೌಢಶಾಲೆಯ ಮಕ್ಕಳೂ ತಬ್ಬಿಬ್ಬಾಗುವುದುಂಟು. ಲಂಬ ತ್ರಿಭುಜದ ಒಳಗೇ ಇರಬೇಕೆಂಬುದು ಅವರ ನಂಬಿಕೆ. ಇಲ್ಲಿ ಅದು ಹೊರಗೆ, ಪಾದವನ್ನು ಮುಂದಕ್ಕೆ ಬೆಳೆಸಿದ ಗೆರೆಯ ಮೇಲೆ ಬೀಳುತ್ತದೆ. ಜಿಯೋಜಿಬ್ರಾ ತಂತ್ರಾಂಶದಲ್ಲಿ ಶೃಂಗವನ್ನು ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿ ನೋಡಿ: ಒಳಗಿದ್ದ ಲಂಬ ಮೊದಲು ಬಾಹುವಿನೊಡನೆ ಒಂದಾಗುತ್ತದೆ, ಆಮೇಲೆ ಆಚೆಗೆ ದಾಟುತ್ತದೆ. ಒಂದಾದ ಆ ಗಳಿಗೆಯಲ್ಲಿ ಅದು ಲಂಬಕೋನ ತ್ರಿಭುಜ. ಮಕ್ಕಳು ಇದನ್ನು ತಾವೇ ಕಂಡು ಹೇಳುತ್ತಾರೆ.

ಇಂಥ ಪಾಠಗಳನ್ನು ಶಿಕ್ಷಕರೇ ಕಟ್ಟಿ, ಕನ್ನಡದಲ್ಲೇ ಹಂಚಿಕೊಳ್ಳುವ ದೊಡ್ಡ ಪ್ರಯತ್ನ ನಮ್ಮ ರಾಜ್ಯದಲ್ಲಿ ನಡೆದಿದೆ. ಡಿಎಸ್‌ಇಆರ್‌ಟಿ (ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ), ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಸರ್ಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರಿಗಾಗಿ ವಿಷಯ ಶಿಕ್ಷಕರ ವೇದಿಕೆಯನ್ನು ರೂಪಿಸಿದವು. ಅದರ ಬೆನ್ನಿಗೇ 2013ರಲ್ಲಿ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಯೋಜನೆ ಬಂತು. ಉಬುಂಟು, ಜಿಯೋಜಿಬ್ರಾದಂಥ ಮುಕ್ತ ತಂತ್ರಾಂಶಗಳೇ ತರಬೇತಿಯ ಸಾಧನಗಳು, ಪರವಾನಗಿ ಶುಲ್ಕದ ಹಂಗಿಲ್ಲ. ಒಬ್ಬರು ಮಾಡಿದ ಪಾಠವನ್ನು ಇನ್ನೊಬ್ಬರು ತಮ್ಮ ಮಕ್ಕಳಿಗೆ ತಕ್ಕಂತೆ ತಿದ್ದಬಹುದು. ಪಠ್ಯವನ್ನು ಒಪ್ಪಿಸುವ ಕೆಲಸಕ್ಕಷ್ಟೇ ಸೀಮಿತರಾಗಿದ್ದ ಮೇಷ್ಟ್ರನ್ನು ಪಠ್ಯ ಕಟ್ಟುವವರ ಸಾಲಿಗೆ ತಂದದ್ದು ಇದರ ದೊಡ್ಡತನ.

ಆದರೆ ಪಾಠ ಹಂಚಿದಷ್ಟು ಸಲೀಸಾಗಿ ನಾವು ತರಗತಿಯ ಅನುಭವವನ್ನು ಹಂಚಿಕೊಳ್ಳುತ್ತಿಲ್ಲ. ಬಿ.ಇಡಿ. ಓದಿದವರಿಗೆಲ್ಲ ಕ್ರಿಯಾ ಸಂಶೋಧನೆ ಗೊತ್ತು. ಮಕ್ಕಳು ಎಡವುವ ಒಂದು ಜಾಗ ಗುರುತಿಸಿ, ಕಾರಣ ಊಹಿಸಿ, ಕೆಲವು ವಾರ ಬೇರೆ ರೀತಿ ಕಲಿಸಿ, ಮೊದಲಿನ ಮತ್ತು ನಂತರದ ಪರೀಕ್ಷೆಯನ್ನು ಹೋಲಿಸಿ ಬರೆಯುವುದು. ಹೀಗೆ ಬರೆದ ವರದಿ ಎಷ್ಟೋ ಸಲ ಕಪಾಟು ಸೇರುತ್ತದೆ. ಪಕ್ಕದ ಶಾಲೆಯವರಿಗೆ ಬೇಕಾದದ್ದು ಅದೇ: ಮಗು ಯಾವ ಪ್ರಶ್ನೆ ಕೇಳಿತು, ಯಾವ ಉಪಾಯ ಫಲಿಸಲಿಲ್ಲ, ಉತ್ತರ ಪತ್ರಿಕೆಯಲ್ಲಿ ತಪ್ಪು ಹೇಗಿತ್ತು. ಹೆಸರು ಮರೆಮಾಡಿ ಮೊಬೈಲಿನಲ್ಲಿ ತೆಗೆದ ನೋಟ್‌ಬುಕ್ಕಿನ ಒಂದು ಪುಟ ಸಾಕು.

ಇಂಥ ಪ್ರಯೋಗಗಳಿಗೆ, ಉದಾಹರಣೆಗೆ, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಶಿಕ್ಷಕರಿಗೆ ವಿಷಯಕ್ಕೇನೂ ಬರವಿಲ್ಲ. ಚನ್ನಪಟ್ಟಣದಲ್ಲಿ ಹಾಲೆ ಮರದ ತುಂಡು ತಿರುಗುವ ಯಂತ್ರದಲ್ಲಿ ಉಳಿಗೆ ಸಿಕ್ಕಿ ಮೊದಲು ಸಿಲಿಂಡರ್, ಆಮೇಲೆ ಶಂಕು, ಶಂಕುವಿನ ಭಿನ್ನಕವಾಗುತ್ತದೆ. ಕೊನೆಗೆ ಅರಗಿನ ಬಣ್ಣ. ಇದನ್ನು ನಿಧಾನಗತಿಯ ವಿಡಿಯೊ ಮಾಡಿದರೆ ಹತ್ತನೇ ತರಗತಿಯ ಘನಫಲದ ಪಾಠಕ್ಕೆ ಬೇರೆ ಮಾದರಿ ಬೇಕಿಲ್ಲ. ಶಿಲೆಗಳ ಪಾಠಕ್ಕೆ ಸುಮಾರು 250 ಕೋಟಿ ವರ್ಷದ ಗ್ರಾನೈಟ್ ಬೆಟ್ಟಗಳು ಕಿಟಕಿಯಾಚೆಗೇ ನಿಂತಿವೆ. ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯ ದಿನದ ದರವನ್ನು ಸ್ಪ್ರೆಡ್‌ಶೀಟ್‌ನಲ್ಲಿ ತುಂಬಿದರೆ ಸರಾಸರಿ, ಮಧ್ಯಾಂಕಗಳಿಗೆ ಜೀವ ಬರುತ್ತದೆ. ಮನೆಯಲ್ಲಿ ಹುಳು ಸಾಕುವ ಮಕ್ಕಳಿಗಂತೂ ಅದು ಅಪ್ಪನ ಸಂಪಾದನೆಯ ಲೆಕ್ಕ.

ಕಂಪ್ಯೂಟರ್ ಕೆಟ್ಟು ಕುಳಿತ, ಕರೆಂಟು ಕೈಕೊಡುವ ಶಾಲೆಗಳಿವೆ. ನಿಜ. ಆದರೂ ಬರೆದಿಡಲು ಒಂದು ಮೊಬೈಲು, ಕೇಳುವ ನಾಲ್ಕು ಜನ ಸಹೋದ್ಯೋಗಿಗಳು ಸಾಕು. ಶಿಕ್ಷಕ ಮಿತ್ರರೇ, ಮುಂದಿನ ಸಮಾಲೋಚನಾ ಸಭೆಗೆ ನಿಮ್ಮ ತರಗತಿಯಲ್ಲಿ ಮಕ್ಕಳು ಎಡವಿದ ಒಂದು ಪಾಠವನ್ನು ಒಯ್ಯಿರಿ. ಸಭೆ ನಡೆಸುವವರು ಸುತ್ತೋಲೆ ಓದುವ ಹೊತ್ತಿನಲ್ಲಿ ಅರ್ಧ ಗಂಟೆ ಉಳಿಸಿ ಅದಕ್ಕೆ ಕೊಡಿ.