ಕೈಯಲ್ಲಿ ಕೋಲಿತ್ತು... ಎದುರಿಗೆ ಆರ್ಕೆಸ್ಟ್ರಾ ಇರಲಿಲ್ಲ!

ಕಂಡಕ್ಟರ್ ಅಂದ ಕೂಡಲೇ ನಮ್ಮ ಕಣ್ಮುಂದೆ ಬರೋದು ಖಾಕಿ ಅಂಗಿ, ಚರ್ಮದ ಚೀಲ, 'ರೈಟ್... ರೈಟ್!' ಎಂಬ ಕೂಗು. ಆ ಚೀಲವನ್ನು ಕೆಳಗಿಟ್ಟು ಬೆಂಗಳೂರಿನಿಂದ ಮದರಾಸಿಗೆ ಹೋಗಿ ರಜನೀಕಾಂತ್ ಆದ ಶಿವಾಜಿರಾವ್ ಕಥೆ ನಿಮಗೆಲ್ಲ ಬಾಯಿಪಾಠ. ಆದರೆ ಈ ವಾರದ ನಮ್ಮ ಕಥಾನಾಯಕಿ ಬೇರೆ ಜಾತಿಯ ಕಂಡಕ್ಟರ್. ಟಿಕೆಟ್ ಹರಿದವಳಲ್ಲ. ಒಂದು ಸಣ್ಣ ಕೋಲಿನ ತುದಿಯಿಂದ ಇಡೀ ವಾದ್ಯವೃಂದವನ್ನೇ ನಡೆಸಿದವಳು! ಹೆಸರು ಅಂತೋನಿಯಾ ಬ್ರಿಕೊ.

'ಅದೇನ್ರೀ ಮಹಾ, ಗಣೇಶನ ಹಬ್ಬಕ್ಕೆ ನಮ್ಮ ಬೀದಿಯಲ್ಲೂ ಆರ್ಕೆಸ್ಟ್ರಾ ಆಗುತ್ತೆ' ಅಂತೀರಾ? ಸ್ವಲ್ಪ ತಾಳಿ. ಪಾಶ್ಚಾತ್ಯರ ದೊಡ್ಡ ಸಿಂಫೊನಿ ಆರ್ಕೆಸ್ಟ್ರಾದಲ್ಲಿ ಎಂಬತ್ತು, ನೂರು ಮಂದಿ ವಾದ್ಯಗಾರರು. ಪಿಟೀಲಿನವನ ಮುಂದೆ ಪಿಟೀಲಿನ ಸ್ವರ ಮಾತ್ರ, ಕೊಳಲಿನವನ ಮುಂದೆ ಕೊಳಲಿನದು ಮಾತ್ರ. ಎಲ್ಲರ ಸ್ವರವೂ ಒಟ್ಟಿಗೆ ಇರುವುದು ಕಂಡಕ್ಟರ್ ಮುಂದಿನ ಪುಸ್ತಕದಲ್ಲಿ. ಯಾರು ಯಾವಾಗ ಶುರು ಮಾಡಬೇಕು, ಎಷ್ಟು ಜೋರು, ಎಷ್ಟು ಮೆಲ್ಲಗೆ, ಎಲ್ಲಿ ಓಟ, ಎಲ್ಲಿ ನಿಲುಗಡೆ... ಎಲ್ಲಾ ಆ ಕೋಲಿನ ಸನ್ನೆಯಲ್ಲೇ. ಚಿತ್ರಕ್ಕೆ ನಿರ್ದೇಶಕ ಹೇಗೋ ಹಾಗೆ!

ಆದರೆ ಇಲ್ಲೊಂದು ಸಂಕಟವಿದೆ. ಪಿಟೀಲು ವಾದಕ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬನೇ ಸಾಧನೆ ಮಾಡಬಹುದು. ಕಂಡಕ್ಟರ್ ಏನು ಮಾಡಬೇಕು? ಎದುರಿಗಿರುವ ಜನರೇ ಆಕೆಯ ವಾದ್ಯ. ಆ ಜನರನ್ನು ಕೊಡದಿದ್ದರೆ ಆಕೆ ಮೂಕಿ. ಅಂತೋನಿಯಾಗೆ ಆದದ್ದೂ ಅದೇ.

ಸಾಕುಮಗಳ ಸಾಹಸ

1902ರಲ್ಲಿ ಹಾಲೆಂಡಿನ ರಾಟರ್‌ಡ್ಯಾಮ್‌ನಲ್ಲಿ ಜನನ. ಬೆಳೆದದ್ದು ಸಾಕು ತಂದೆತಾಯಿಯರ ಮಡಿಲಲ್ಲಿ. 1908ರಲ್ಲಿ ಅವರ ಜೊತೆ ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಬಂದಳು. ಆಗ ಆಕೆಯ ಹೆಸರೂ ಬೇರೆ, ವಿಲ್ಹೆಲ್ಮಿನಾ. ಪಿಯಾನೋ ಕಲಿತಳು, 1923ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಪದವಿ ಪಡೆದಳು. ಮುಂದಿನ ಗುರಿ? ಜರ್ಮನಿಯ ಬರ್ಲಿನ್! ಅಲ್ಲಿನ ಸಂಗೀತ ಅಕಾಡೆಮಿಯಲ್ಲಿ ಕಂಡಕ್ಟಿಂಗ್ ಕಲಿತು, ಕಾರ್ಲ್ ಮುಕ್ ಎಂಬ ಮಹಾನ್ ಕಂಡಕ್ಟರ್‌ಗೆ ಶಿಷ್ಯೆಯಾದಳು.

1930ರಲ್ಲಿ ಜಗತ್ಪ್ರಸಿದ್ಧ ಬರ್ಲಿನ್ ಫಿಲ್‌ಹಾರ್ಮೋನಿಕ್ ಮುಂದೆ ಕೋಲು ಹಿಡಿದು ನಿಂತಾಗ ಆಕೆಗಿನ್ನೂ ಇಪ್ಪತ್ತೇಳು. ಅದೇ ವರ್ಷ ಅಮೆರಿಕದ ಹಾಲಿವುಡ್ ಬೌಲ್‌ನಲ್ಲೂ ಕಛೇರಿ. ಇನ್ನೇನು, ತಾರೆ ಮೇಲೇರಿತು ಅಂದುಕೊಂಡಿರಾ?

ಗಾಯಕ ಮುನಿಸಿಕೊಂಡ!

1933, ನ್ಯೂಯಾರ್ಕ್. ಅಂತೋನಿಯಾ ನಡೆಸಬೇಕಿದ್ದ ಕಛೇರಿಯಲ್ಲಿ ಹಾಡಬೇಕಾದವನು ಆ ಕಾಲದ ಹೆಸರಾಂತ ಗಾಯಕ ಜಾನ್ ಚಾರ್ಲ್ಸ್ ಥಾಮಸ್. ಆತ ಹಾಡುವುದಿಲ್ಲ ಎಂದುಬಿಟ್ಟ. ಕಾರಣ? ಹೆಂಗಸು ಕಂಡಕ್ಟ್ ಮಾಡಿದರೆ ಜನರ ಕಣ್ಣೆಲ್ಲ ಅವಳ ಮೇಲೆಯೇ ಇರುತ್ತದಂತೆ, ಇವನನ್ನು ನೋಡುವವರು ಯಾರು!

ಆಕೆ ಅಳುತ್ತಾ ಕೂರಲಿಲ್ಲ. 'ಹೆಂಗಸು ಕಂಡಕ್ಟ್ ಮಾಡಬಾರದೇ? ಹಾಗಾದರೆ ವಾದ್ಯಗಾರರೂ ಹೆಂಗಸರೇ ಆಗಲಿ' ಎಂಬಂತೆ 1934ರಲ್ಲಿ ಮಹಿಳೆಯರದೇ ಒಂದು ಸಿಂಫೊನಿ ಆರ್ಕೆಸ್ಟ್ರಾ ಕಟ್ಟಿದಳು. ಪಿಟೀಲಿನಿಂದ ತುತ್ತೂರಿ, ನಗಾರಿಯವರೆಗೆ ಎಲ್ಲಾ ಹೆಂಗಸರೇ. 1938ರಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಅನ್ನು ಕಂಡಕ್ಟ್ ಮಾಡಿದ ಮೊದಲ ಮಹಿಳೆ ಎನಿಸಿಕೊಂಡಳು.

ಇಷ್ಟಾದರೂ ಕಾಯಂ ಕೆಲಸ ಕೊಡಲು ಯಾವ ದೊಡ್ಡ ಆರ್ಕೆಸ್ಟ್ರಾವೂ ಮುಂದೆ ಬರಲಿಲ್ಲ. ಅತಿಥಿಯಾಗಿ ಬಾ, ಚಪ್ಪಾಳೆ ತಗೋ, ಹೋಗು! ಅಷ್ಟೇ.

1942ರಲ್ಲಿ ಕೊಲರಾಡೊ ರಾಜ್ಯದ ಡೆನ್ವರ್ ನಗರಕ್ಕೆ ಬಂದು ನೆಲೆಸಿದಳು. ಹೊಟ್ಟೆಪಾಡಿಗೆ ಪಿಯಾನೋ ಪಾಠ. ಹಗಲು ಬೇರೆ ಉದ್ಯೋಗ ಮಾಡಿಕೊಂಡು ಹವ್ಯಾಸಕ್ಕೆ ವಾದ್ಯ ನುಡಿಸುತ್ತಿದ್ದವರ ಆರ್ಕೆಸ್ಟ್ರಾ ಒಂದು ಆ ಊರಲ್ಲಿತ್ತು. ಬರ್ಲಿನ್ ಕಂಡ ಕೈ ದಶಕಗಳ ಕಾಲ ಅವರನ್ನೇ ತಿದ್ದಿತು, ಅವರನ್ನೇ ನಡೆಸಿತು. ಆದರೆ ವರ್ಷಕ್ಕೆ ಬೆರಳೆಣಿಕೆಯ ಕಛೇರಿ ಎಲ್ಲಿ ಸಾಕಾದೀತು?

ಶಿಷ್ಯೆ ತೆಗೆದ ಚಿತ್ರ

ಪಿಯಾನೋ ಕಲಿಯಲು ಬರುತ್ತಿದ್ದ ಹುಡುಗಿಯರಲ್ಲಿ ಒಬ್ಬಳು ಜೂಡಿ ಕಾಲಿನ್ಸ್. ಮುಂದೆ ಪಿಯಾನೋ ಬಿಟ್ಟು ಗಿಟಾರ್ ಹಿಡಿದು, ಜನಪದ ಗೀತೆ ಹಾಡಿ ಅಮೆರಿಕದ ಮನೆಮಾತಾದ ಗಾಯಕಿ. ಶಿಷ್ಯೆ ದಾರಿ ಬದಲಿಸಿದ್ದು ಗುರುವಿಗೆ ಹಿಡಿಸಿರಲಿಲ್ಲ. ಆದರೆ ಶಿಷ್ಯೆ ಗುರುವನ್ನು ಮರೆತಿರಲಿಲ್ಲ! ನಿರ್ದೇಶಕಿ ಜಿಲ್ ಗಾಡ್‌ಮಿಲೋ ಜೊತೆ ಸೇರಿ 1974ರಲ್ಲಿ ಅಂತೋನಿಯಾಳ ಬಗ್ಗೆ ಒಂದು ಸಾಕ್ಷ್ಯಚಿತ್ರ ತೆಗೆದಳು. ಹೊಡೆದಾಟವಿಲ್ಲ, ಡ್ಯುಯೆಟ್ ಇಲ್ಲ. ಎಪ್ಪತ್ತು ದಾಟಿದ ಹೆಂಗಸೊಬ್ಬಳು ಅಡುಗೆಮನೆಯಲ್ಲಿ ಕೂತು, ತನಗೆ ಸಿಗದೇ ಹೋದ ಆರ್ಕೆಸ್ಟ್ರಾಗಳ ನೋವನ್ನು ತೋಡಿಕೊಳ್ಳುತ್ತಾಳೆ. ಚಿತ್ರಕ್ಕೆ ಆಸ್ಕರ್ ನಾಮಕರಣ ದೊರೆಯಿತು. ಪ್ರಶಸ್ತಿ ಬೇರೆ ಚಿತ್ರದ ಪಾಲಾಯಿತು, ಬಿಡಿ.

ಪ್ರಶಸ್ತಿಗಿಂತ ದೊಡ್ಡದೊಂದು ನಡೆಯಿತು. ಚಿತ್ರ ನೋಡಿದವರು 'ಈಕೆ ಇಷ್ಟು ದಿನ ಎಲ್ಲಿದ್ದಳು?' ಎಂದು ಕೇಳತೊಡಗಿದರು. 1975ರಲ್ಲಿ ನ್ಯೂಯಾರ್ಕಿನ ಮೊಜಾರ್ಟ್ ಉತ್ಸವದಿಂದ ಕರೆ ಬಂತು. ಟಿಕೆಟ್‌ಗಳೆಲ್ಲ ಖಾಲಿ, ಹೌಸ್‌ಫುಲ್! ದಶಕಗಳ ಕಾಲ ಕಾದರೂ ತೆರೆಯದ ಬಾಗಿಲನ್ನು ಒಂದು ಚಿಕ್ಕ ಸಿನಿಮಾ ತೆರೆಯಿತು. ಆದರೆ ಆಕೆಗೆ ಆಗ ಎಪ್ಪತ್ತಮೂರು. ಮೂವತ್ತರಲ್ಲಿ ಸಿಗಬೇಕಾಗಿದ್ದು!

1989ರಲ್ಲಿ ಡೆನ್ವರ್‌ನಲ್ಲೇ ತೀರಿಕೊಂಡಳು. 2003ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಆ ಸಾಕ್ಷ್ಯಚಿತ್ರ ಸೇರಿತು. 2018ರಲ್ಲಿ ಹಾಲೆಂಡಿನ ಮರಿಯಾ ಪೀಟರ್ಸ್ ಆಕೆಯ ಕಥೆಯನ್ನೇ ಪೂರ್ತಿ ಕಥಾಚಿತ್ರ ಮಾಡಿದರು. 2007ರಲ್ಲಿ ಮರಿನ್ ಆಲ್ಸಪ್ ಎಂಬಾಕೆ ಬಾಲ್ಟಿಮೋರ್ ಸಿಂಫೊನಿಯ ಮುಖ್ಯಸ್ಥೆಯಾದಾಗ, ಅಮೆರಿಕದ ದೊಡ್ಡ ಆರ್ಕೆಸ್ಟ್ರಾವೊಂದಕ್ಕೆ ಮೊದಲ ಸಲ ಒಬ್ಬ ಮಹಿಳೆ ಯಜಮಾನಿಯಾದಳು.

ಮತ್ತೆ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್? ಅದು ಶುರುವಾದದ್ದು 1842ರಲ್ಲಿ. ಅಂತೋನಿಯಾ ಅಲ್ಲಿ ಕೋಲು ಹಿಡಿದು ಎಂಬತ್ತು ವರ್ಷ ಕಳೆದೇ ಹೋಯಿತು. ಅಲ್ಲಿನ ಸಂಗೀತ ನಿರ್ದೇಶಕರ ಕುರ್ಚಿಯಲ್ಲಿ ಇವತ್ತಿನವರೆಗೂ ಒಬ್ಬ ಹೆಂಗಸು ಕೂತಿಲ್ಲ!