ಹಳೆಯ ಸೈನಿಕ ತರಬೇತಿ ವಿಮಾನಗಳು ಮತ್ತು ಅವುಗಳಲ್ಲಿ ಮಾಡಲಾದ ವಿಶೇಷ ಮಾರ್ಪಾಡುಗಳು: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಕಲಬುರಗಿ ನಗರದಿಂದ ಕಮಲಾಪುರ ಮತ್ತು ಹುಮನಾಬಾದ್ ಮಾರ್ಗವಾಗಿ ಸುಮಾರು 110 ಕಿ.ಮೀ. ದೂರದಲ್ಲಿರುವ ಬೀದರ್, ಭಾರತೀಯ ವಾಯುಪಡೆಯ ಪ್ರಮುಖ ತರಬೇತಿ ನೆಲೆಗಳಲ್ಲಿ ಒಂದಾಗಿದೆ. ಆದ್ದರಿಂದ ಈ ಭಾಗದ ಜನತೆಗೆ ತರಬೇತಿ ವಿಮಾನಗಳ ಹಾರಾಟವು ಹೊಸದೇನಲ್ಲ. 2019ರ ನವೆಂಬರ್ 22ರಂದು ಕಲಬುರಗಿ ವಿಮಾನ ನಿಲ್ದಾಣವು ಉದ್ಘಾಟನೆಗೊಂಡ ನಂತರ ವಿಮಾನಯಾನದ ಬಗ್ಗೆ ವಿದ್ಯಾರ್ಥಿಗಳಲ್ಲಿಯೂ ಸಾರ್ವಜನಿಕರಲ್ಲಿಯೂ ಆಸಕ್ತಿ ಹೆಚ್ಚಿದೆ. ಕರ್ನಾಟಕದಲ್ಲಿಯೇ ವಿನ್ಯಾಸಗೊಂಡು ನಿರ್ಮಾಣವಾದ ಹಳೆಯ ತರಬೇತಿ ವಿಮಾನಗಳಲ್ಲಿ ಕಾಲಕಾಲಕ್ಕೆ ಯಾವ ಮಾರ್ಪಾಡುಗಳನ್ನು ಮಾಡಲಾಯಿತು, ಅವು ಏಕೆ ಅಗತ್ಯವಾದವು ಹಾಗೂ ಅವುಗಳ ಪರಿಣಾಮವೇನು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಮಾರ್ಪಾಡು ಎಂದರೇನು?

ವಿಮಾನವೊಂದು ಮೂಲ ವಿನ್ಯಾಸದಂತೆ ತಯಾರಾದ ನಂತರ ಅದರ ಎಂಜಿನ್, ರೆಕ್ಕೆ, ಆಸನ ಅಥವಾ ಉಪಕರಣಗಳಲ್ಲಿ ಮಾಡುವ ಬದಲಾವಣೆಯನ್ನು ಮಾರ್ಪಾಡು ಎನ್ನಲಾಗುತ್ತದೆ. ತರಬೇತಿ ವಿಮಾನಗಳಲ್ಲಿ ಇಂತಹ ಬದಲಾವಣೆಗಳಿಗೆ ಸಾಮಾನ್ಯವಾಗಿ ಮೂರು ಕಾರಣಗಳಿರುತ್ತವೆ. ಅವುಗಳೆಂದರೆ:

1. ಹಳೆಯ ಎಂಜಿನ್‌ಗೆ ಬದಲಾಗಿ ಹೆಚ್ಚು ಶಕ್ತಿಯ ಅಥವಾ ಹೆಚ್ಚು ನಂಬಿಕೆಗೆ ಅರ್ಹವಾದ ಎಂಜಿನ್ ಅಳವಡಿಸುವುದು.
2. ಮೂಲತಃ ಉದ್ದೇಶಿಸದೇ ಇದ್ದ ಹೊಸ ಕಾರ್ಯಕ್ಕೆ ವಿಮಾನವನ್ನು ಸಜ್ಜುಗೊಳಿಸುವುದು.
3. ಪೈಲಟ್‌ಗಳ ಪ್ರಾಣರಕ್ಷಣೆಗೆ ಹೆಚ್ಚಿನ ವ್ಯವಸ್ಥೆ ಕಲ್ಪಿಸುವುದು.

ಸೈನಿಕ ವಿಮಾನಗಳಲ್ಲಿ ಯಾವುದೇ ಮಾರ್ಪಾಡನ್ನು ಪರೀಕ್ಷೆ ಮತ್ತು ಅನುಮೋದನೆ ಇಲ್ಲದೆ ಜಾರಿಗೆ ತರಲು ಅವಕಾಶವಿರುವುದಿಲ್ಲ. ಬೆಂಗಳೂರಿನಲ್ಲಿರುವ ಸೆಮಿಲ್ಯಾಕ್ ಸಂಸ್ಥೆಯು ಸೈನಿಕ ವಿಮಾನಗಳ ಹಾರಾಟ ಯೋಗ್ಯತೆಯನ್ನು ಪ್ರಮಾಣೀಕರಿಸುತ್ತದೆ. ನಾಗರಿಕ ವಿಮಾನಗಳಿಗೆ ಸಂಬಂಧಿಸಿದಂತೆ ಈ ಅಧಿಕಾರವು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ ಇರುತ್ತದೆ.

ಎಚ್‌ಟಿ-2: ಎಂಜಿನ್ ಬದಲಾವಣೆಯಿಂದಲೇ ಆರಂಭ

ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯಲ್ಲಿ ಡಾ. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ವಿಮಾನವು 1951ರ ಆಗಸ್ಟ್ ತಿಂಗಳಿನಲ್ಲಿ ಮೊದಲ ಬಾರಿಗೆ ಹಾರಿತು. ಒಬ್ಬರ ಹಿಂದೆ ಒಬ್ಬರು ಕುಳಿತುಕೊಳ್ಳುವ ಎರಡು ಆಸನಗಳು ಇದರಲ್ಲಿದ್ದವು. ಮೊದಲ ಮಾದರಿ ವಿಮಾನಕ್ಕೆ 145 ಅಶ್ವಶಕ್ತಿಯ ಜಿಪ್ಸಿ ಮೇಜರ್ ಎಂಜಿನ್ ಇದ್ದು, 1952ರಲ್ಲಿ ಹಾರಿದ ಎರಡನೆಯ ಮಾದರಿಗೆ 155 ಅಶ್ವಶಕ್ತಿಯ ಸಿರಸ್ ಮೇಜರ್ ಎಂಜಿನ್ ಅಳವಡಿಸಲಾಯಿತು. ಬೀದರ್‌ನಲ್ಲಿದ್ದ ಪ್ರಾಥಮಿಕ ಹಾರಾಟ ಶಾಲೆಯಲ್ಲಿ ವಾಯುಪಡೆಯ ಅನೇಕ ಪೈಲಟ್‌ಗಳು ಇದೇ ವಿಮಾನದಲ್ಲಿ ಮೊದಲ ಪಾಠ ಕಲಿತರು.

ಕಿರಣ್: ತರಬೇತಿಯಿಂದ ಶಸ್ತ್ರಾಭ್ಯಾಸದವರೆಗೆ

ಎಚ್‌ಜೆಟಿ-16 ಕಿರಣ್ ಜೆಟ್ ವಿಮಾನವು 1964ರ ಸೆಪ್ಟೆಂಬರ್ 4ರಂದು ಮೊದಲ ಹಾರಾಟ ನಡೆಸಿತು. ಇದರಲ್ಲಿ ಶಿಕ್ಷಕ ಮತ್ತು ಶಿಕ್ಷಣಾರ್ಥಿ ಅಕ್ಕಪಕ್ಕದಲ್ಲಿ ಕುಳಿತುಕೊಳ್ಳುತ್ತಾರೆ. ಅಪಾಯದ ಸಂದರ್ಭದಲ್ಲಿ ಪೈಲಟ್ ಹೊರಗೆ ಚಿಮ್ಮಲು ಇಜೆಕ್ಷನ್ ಆಸನಗಳ ವ್ಯವಸ್ಥೆಯೂ ಇದೆ.

ಮೊದಲ ಮಾದರಿಯು ಕೇವಲ ಹಾರಾಟ ಕಲಿಸುವ ವಿಮಾನವಾಗಿತ್ತು. ಮಾರ್ಕ್-1ಎ ಮಾದರಿಯಲ್ಲಿ ಪ್ರತಿ ರೆಕ್ಕೆಯ ಕೆಳಗೆ ಒಂದರಂತೆ ಶಸ್ತ್ರ ತೂಗುಹಾಕುವ ವ್ಯವಸ್ಥೆ ಮಾಡಲಾಯಿತು. 1976ರ ಜುಲೈ 30ರಂದು ಹಾರಿದ ಮಾರ್ಕ್-2 ಮಾದರಿಯಲ್ಲಿ ವೈಪರ್ ಎಂಜಿನ್ ಬದಲಿಗೆ ಹೆಚ್ಚು ಶಕ್ತಿಯ ಆರ್ಫಿಯಸ್ ಎಂಜಿನ್ ಅಳವಡಿಸಲಾಯಿತು. ಇದೇ ಆರ್ಫಿಯಸ್ ಕುಟುಂಬದ ಎಂಜಿನ್ ನ್ಯಾಟ್ ಯುದ್ಧವಿಮಾನದಲ್ಲಿಯೂ ಇದ್ದಿತು. ಜೊತೆಗೆ ವಿಮಾನದ ಮೂತಿಯಲ್ಲಿ ಎರಡು ಮಷಿನ್ ಗನ್‌ಗಳನ್ನೂ ರೆಕ್ಕೆಗಳ ಕೆಳಗೆ ಒಟ್ಟು ನಾಲ್ಕು ತೂಗು ಸ್ಥಾನಗಳನ್ನೂ ಕಲ್ಪಿಸಲಾಯಿತು. ಇದರಿಂದ ಹಾರಾಟ ಕಲಿತ ವಿಮಾನದಲ್ಲಿಯೇ ಶಸ್ತ್ರಪ್ರಯೋಗವನ್ನೂ ಕಲಿಯಲು ಸಾಧ್ಯವಾಯಿತು.

ಸೂರ್ಯಕಿರಣ್: ಬಣ್ಣದ ಹೊಗೆ

ಕಿರಣ್ ಮಾರ್ಕ್-2 ವಿಮಾನಗಳಿಗೆ ದೊರೆತ ಮತ್ತೊಂದು ವಿಶೇಷ ರೂಪವೆಂದರೆ ಸೂರ್ಯಕಿರಣ್ ಪ್ರದರ್ಶನ ತಂಡ. 1996ರಲ್ಲಿ ರಚನೆಯಾದ ಈ ತಂಡದ ನೆಲೆ ಬೀದರ್ ಆಗಿತ್ತು. ಬೂದು ಬಣ್ಣದ ಶಸ್ತ್ರಾಭ್ಯಾಸ ವಿಮಾನಗಳಿಗಿಂತ ಭಿನ್ನವಾಗಿ ಈ ವಿಮಾನಗಳಿಗೆ ಕೆಂಪು ಮತ್ತು ಬಿಳಿ ಬಣ್ಣ ನೀಡಲಾಯಿತು. ಒಂಬತ್ತು ವಿಮಾನಗಳು ಅತ್ಯಂತ ಸಮೀಪದಲ್ಲಿ ಒಟ್ಟಾಗಿ ಹಾರುವುದು ತಂಡದ ವೈಶಿಷ್ಟ್ಯವಾಗಿತ್ತು.

ಪ್ರದರ್ಶನ ವಿಮಾನಗಳ ಹಿಂದೆ ಕಾಣುವ ಹೊಗೆಯು ಬೆಂಕಿಯ ಹೊಗೆಯಲ್ಲ. ಎಂಜಿನ್‌ನಿಂದ ಹೊರಬರುವ ಬಿಸಿ ಗಾಳಿಗೆ ಡೀಸೆಲ್‌ನಂತಹ ತೈಲವನ್ನು ಸಿಂಪಡಿಸಿದಾಗ ಅದು ಆವಿಯಾಗಿ, ತಣ್ಣನೆಯ ಗಾಳಿಯಲ್ಲಿ ಸಣ್ಣ ಹನಿಗಳಾಗಿ ಬಿಳಿಯಾಗಿ ಕಾಣುತ್ತದೆ. ತೈಲಕ್ಕೆ ಬಣ್ಣ ಬೆರೆಸಿದಲ್ಲಿ ಬಣ್ಣದ ಹೊಗೆ ದೊರೆಯುತ್ತದೆ.

ಈ ಕಾರ್ಯದಲ್ಲಿ ಅಪಾಯವೂ ಇದ್ದಿತು. 2006ರ ಮಾರ್ಚ್ ಮತ್ತು 2009ರ ಜನವರಿ ತಿಂಗಳುಗಳಲ್ಲಿ ಬೀದರ್ ಸಮೀಪ ಸಂಭವಿಸಿದ ಎರಡು ಅಪಘಾತಗಳಲ್ಲಿ ತಂಡದ ಮೂವರು ಪೈಲಟ್‌ಗಳು ಮೃತಪಟ್ಟರು.

ಎಚ್‌ಪಿಟಿ-32 ದೀಪಕ್: ಪೂರ್ಣಗೊಳ್ಳದ ಮಾರ್ಪಾಡುಗಳು

ಎಚ್‌ಟಿ-2 ವಿಮಾನದ ಸ್ಥಾನಕ್ಕೆ ಬಂದ ಎಚ್‌ಪಿಟಿ-32 ದೀಪಕ್ ವಿಮಾನವು 1977ರ ಜನವರಿ 6ರಂದು ಮೊದಲು ಹಾರಿತು. ಇದಕ್ಕೆ 260 ಅಶ್ವಶಕ್ತಿಯ ಲೈಕಮಿಂಗ್ ಪಿಸ್ಟನ್ ಎಂಜಿನ್ ಇದ್ದು, ಇಜೆಕ್ಷನ್ ಆಸನಗಳು ಇರಲಿಲ್ಲ.

1984ರಲ್ಲಿ ಈ ವಿಮಾನದ ಒಂದು ಮಾದರಿಗೆ 420 ಅಶ್ವಶಕ್ತಿಯ ಆಲಿಸನ್ ಟರ್ಬೊಪ್ರಾಪ್ ಎಂಜಿನ್ ಅಳವಡಿಸಿ ಎಚ್‌ಟಿಟಿ-34 ಎಂದು ಹೆಸರಿಸಲಾಯಿತು. ಟರ್ಬೊಪ್ರಾಪ್ ಎಂಜಿನ್ ಹಗುರವಾಗಿರುವುದರಿಂದ ವಿಮಾನದ ತೂಕದ ಸಮತೋಲನ ಕಾಯ್ದುಕೊಳ್ಳಲು ಅದನ್ನು ಇನ್ನಷ್ಟು ಮುಂದಕ್ಕೆ ಇರಿಸಬೇಕಾಗುತ್ತದೆ. ಆದ್ದರಿಂದ ಎಚ್‌ಟಿಟಿ-34 ವಿಮಾನದ ಮೂತಿಯು ಮೂಲ ವಿಮಾನಕ್ಕಿಂತ ಉದ್ದವಾಗಿ ಕಾಣುತ್ತದೆ. ಆದರೆ ಈ ಮಾದರಿಗೆ ಉತ್ಪಾದನಾ ಆದೇಶ ದೊರೆಯಲಿಲ್ಲ. ಪಿಸ್ಟನ್ ಎಂಜಿನ್‌ನ ದೀಪಕ್ ವಿಮಾನಗಳೇ ಸೇವೆಯಲ್ಲಿ ಮುಂದುವರಿದವು.

ಹಾರಾಟದ ನಡುವೆ ಎಂಜಿನ್ ನಿಂತುಹೋಗುವ ದೋಷವು ಈ ವಿಮಾನಗಳಲ್ಲಿ ಮರುಕಳಿಸುತ್ತಾ ಬಂದಿತು. ಒಟ್ಟು 17 ಅಪಘಾತಗಳಲ್ಲಿ 19 ಪೈಲಟ್‌ಗಳು ಪ್ರಾಣ ಕಳೆದುಕೊಂಡರು. 2009ರ ಜುಲೈ ತಿಂಗಳಿನ ಅಪಘಾತದಲ್ಲಿ ಇಬ್ಬರು ಶಿಕ್ಷಕರು ಮೃತಪಟ್ಟ ನಂತರ ಎಲ್ಲಾ ದೀಪಕ್ ವಿಮಾನಗಳ ಹಾರಾಟವನ್ನು ನಿಲ್ಲಿಸಲಾಯಿತು. ಆ ಬಳಿಕ, ಎಂಜಿನ್ ನಿಂತಲ್ಲಿ ಇಡೀ ವಿಮಾನವನ್ನೇ ನಿಧಾನವಾಗಿ ನೆಲಕ್ಕಿಳಿಸುವ ದೊಡ್ಡ ಪ್ಯಾರಾಚೂಟ್ ಅಳವಡಿಸುವ ಯೋಜನೆಯನ್ನು ಕೈಗೆತ್ತಿಕೊಳ್ಳಲಾಯಿತು. ಆದರೆ ದೀಪಕ್ ವಿಮಾನಗಳು ಮತ್ತೆ ತರಬೇತಿ ಸೇವೆಗೆ ಮರಳಲಿಲ್ಲ.

ಒಂದು ದೋಷ, ಹಲವು ಪರಿಣಾಮಗಳು

ದೀಪಕ್ ನಿಂತ ಕಾರಣ ಪ್ರಾಥಮಿಕ ತರಬೇತಿಗೆ ವಿಮಾನಗಳ ಕೊರತೆ ಉಂಟಾಯಿತು. ಹೊಸ ಶಿಕ್ಷಣಾರ್ಥಿಗಳು ನೇರವಾಗಿ ಕಿರಣ್ ಜೆಟ್ ವಿಮಾನದಲ್ಲಿಯೇ ಕಲಿಯಬೇಕಾಯಿತು. ಇದಕ್ಕೆ ಕಿರಣ್ ವಿಮಾನಗಳು ಸಾಲದಾದಾಗ, 2011ರ ಫೆಬ್ರವರಿಯಲ್ಲಿ ಸೂರ್ಯಕಿರಣ್ ತಂಡವನ್ನು ಸ್ಥಗಿತಗೊಳಿಸಿ ಅದರ ವಿಮಾನಗಳನ್ನು ತರಬೇತಿಗೆ ಬಳಸಿಕೊಳ್ಳಲಾಯಿತು. ಒಂದು ವಿಮಾನದಲ್ಲಿ ಸಕಾಲಕ್ಕೆ ನಿವಾರಣೆಯಾಗದ ದೋಷದಿಂದ ಮತ್ತೊಂದು ವಿಮಾನದ ತಂಡವೇ ನಿಲ್ಲಬೇಕಾಯಿತು. 2015ರಲ್ಲಿ ಹಾಕ್ ವಿಮಾನಗಳೊಂದಿಗೆ ಈ ತಂಡವು ಬೀದರ್‌ನಲ್ಲಿಯೇ ಪುನಃ ಆರಂಭಗೊಂಡಿತು.

ಪ್ರಾಥಮಿಕ ತರಬೇತಿಗಾಗಿ 2012ರಲ್ಲಿ ಸ್ವಿಟ್ಜರ್ಲೆಂಡ್‌ನ 75 ಪಿಲಾಟಸ್ ಪಿಸಿ-7 ವಿಮಾನಗಳ ಖರೀದಿಗೆ ಒಪ್ಪಂದವಾಯಿತು. ಬೆಂಗಳೂರಿನಲ್ಲಿ ರೂಪುಗೊಂಡ ಎಚ್‌ಟಿಟಿ-40 ವಿಮಾನವು 2016ರ ಮೇ 31ರಂದು ಮೊದಲು ಹಾರಿದ್ದು, 70 ವಿಮಾನಗಳಿಗೆ 2023ರ ಮಾರ್ಚ್‌ನಲ್ಲಿ ಒಪ್ಪಂದ ಮಾಡಿಕೊಳ್ಳಲಾಯಿತು. ಈ ಎರಡೂ ವಿಮಾನಗಳಲ್ಲಿ ಟರ್ಬೊಪ್ರಾಪ್ ಎಂಜಿನ್ ಮತ್ತು ಇಜೆಕ್ಷನ್ ಆಸನಗಳಿವೆ. ದೀಪಕ್ ವಿಮಾನದಲ್ಲಿ ಇಲ್ಲದಿದ್ದುದು ಇವೆರಡೇ ಎಂಬುದು ಗಮನಾರ್ಹ.

ಸಾರ್ವಜನಿಕರ ಗಮನಕ್ಕೆ

1. ಇಜೆಕ್ಷನ್ ಆಸನಗಳಲ್ಲಿ ಸ್ಫೋಟಕ ಕಾರ್ಟ್ರಿಜ್‌ಗಳು ಇರುತ್ತವೆ. ಅಪಘಾತದ ಸಂದರ್ಭದಲ್ಲಿ ಹೊಲ, ತೋಟ ಅಥವಾ ಕೆರೆಯ ಬಳಿ ವಿಮಾನದ ಯಾವುದೇ ಭಾಗ ಬಿದ್ದಿರುವುದು ಕಂಡುಬಂದಲ್ಲಿ ಅದನ್ನು ಮುಟ್ಟದೆ, ಮಕ್ಕಳನ್ನು ಮತ್ತು ಜಾನುವಾರುಗಳನ್ನು ದೂರವಿರಿಸಿ, 112 ಸಂಖ್ಯೆಗೆ ಅಥವಾ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸತಕ್ಕದ್ದು.
2. ಬಿದ್ದ ಭಾಗಗಳನ್ನು ಮನೆಗೆ ಒಯ್ಯುವುದು ಅಥವಾ ಗುಜರಿಗೆ ಮಾರುವುದು ಸರಿಯಲ್ಲ. ಚಿಕ್ಕ ತುಣುಕು ಸಹ ದೋಷದ ಕಾರಣ ಪತ್ತೆಹಚ್ಚಲು ಮತ್ತು ಮುಂದಿನ ಮಾರ್ಪಾಡಿಗೆ ಆಧಾರವಾಗಬಲ್ಲದು.
3. ಎಚ್‌ಟಿ-2, ಕಿರಣ್ ಮುಂತಾದ ವಿಮಾನಗಳನ್ನು ಬೆಂಗಳೂರಿನ ಎಚ್‌ಎಎಲ್ ಪಾರಂಪರಿಕ ಕೇಂದ್ರ ಮತ್ತು ವೈಮಾನಿಕ ವಸ್ತುಸಂಗ್ರಹಾಲಯದಲ್ಲಿ ಸಮೀಪದಿಂದ ವೀಕ್ಷಿಸಬಹುದಾಗಿದೆ. ಶಾಲಾ ಪ್ರವಾಸ ಕೈಗೊಳ್ಳುವ ಸಂಸ್ಥೆಗಳು ಭೇಟಿಯ ಸಮಯವನ್ನು ಮುಂಚಿತವಾಗಿ ವಿಚಾರಿಸಿಕೊಳ್ಳುವುದು ಸೂಕ್ತ.

ಮೇಲ್ಕಂಡ ಮಾಹಿತಿಯ ಸದುಪಯೋಗವನ್ನು ಕಲಬುರಗಿ ನಗರ, ಕಮಲಾಪುರ ಹಾಗೂ ಸುತ್ತಲಿನ ಗ್ರಾಮಗಳ ಸಾರ್ವಜನಿಕರು ಮತ್ತು ವಿದ್ಯಾರ್ಥಿಗಳು ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.